ಮೊದಲು ಯಾವುದು

ಕೆಳಗೆ ಮಂಡಕ್ಕಿ ಭಟ್ಟಿ, ಮೇಲೆ ನಾನು.
ಮಧ್ಯಾಹ್ನದ ಹೊತ್ತಿಗೆ ನೆಲ ಕಾದು
ಚಾಪೆಯ ಮೇಲೂ ಅಂಗಾಲು ಚುರುಗುಟ್ಟುತ್ತದೆ.
ಬೋರ್ಡಿನಲ್ಲಿ ಈಗಲೂ ಅಪ್ಪನ ಹೆಸರು:
ಮರುಳಯ್ಯ, ಪಂಚಾಂಗದವರು.
ಬಂದವರು ನನ್ನ ಕಂಡು, "ಅಯ್ನೋರಿಲ್ಲೇನ್ರಿ?"
ಇಲ್ಲ, ಆರು ವರ್ಷ ಆಯ್ತು. ಕೂತ್ಕೊಳ್ರಿ.

ಹಾಲಮ್ಮ ಕೂತಳು. ಚೀಲದಿಂದ ಮೊಬೈಲು ತೆಗೆದು
ಬಿರುಕುಬಿಟ್ಟ ಗಾಜಿನ ಹಿಂದಿನ ಅಂಕಿ ತೋರಿಸಿದಳು.
ಮೂವತ್ತಾರಕ್ಕೆ ಹನ್ನೊಂದೂವರೆ.
"ಪಾಸಾಗಾಕ ಹದಿನೆಂಟರ ಬೇಕಂತಲ್ರಿ?
ನಂದಲ್ಲ, ಪರಿಚಯದೋರದ್ದು."

ಎರಡು ಜಾತಕ.
ಹೆಣ್ಣು ಹುಟ್ಟಿದ ಇಸವಿ ಓದಿದೆ,
ಹಾಲಮ್ಮನ ಕಿವಿಯ ಪಕ್ಕದ ನರೆ ನೋಡಿದೆ,
ಕೇಳಲಿಲ್ಲ.

ಅಪ್ಪ ಹೇಳುತ್ತಿದ್ದ: ಬೆಂಕಿ ಬಿದ್ದ ಮನೆಯಿಂದ
ಮೊದಲು ಕೂಸನ್ನು ಎತ್ತಿಕೋ,
ಆಮೇಲೆ ದನದ ಹಗ್ಗ ಬಿಚ್ಚು,
ಬೋಗುಣಿ ತಂಬಿಗೆ ಸಿಕ್ಕರೆ ಸಿಗಲಿ.
ಗುಣ ಎಣಿಸೋದು ಬೋಗುಣಿ ಲೆಕ್ಕ ಕಣವ್ವ.
ಹಂಗಾದ್ರೆ ಕೂಸು ಯಾವುದು, ಅಂತ ಹದಿನೈದರಲ್ಲಿ ಕೇಳಿದ್ದೆ.
ಒಂದೊಂದು ಮನೆಗೆ ಒಂದೊಂದು, ಅಂದ.
ಸಿಟ್ಟು ಬಂದಿತ್ತು. ಪಟ್ಟಿ ಬರೆದುಕೊಳ್ಳಲು
ಪೆನ್ನು ಹಿಡಿದು ಕೂತಿದ್ದೆ ನಾನು.

ಇವಳು ಹುಟ್ಟಿದ್ದು ಗಿರಣಿ ಸೈರನ್ ಆದಮೇಲೆ, ಸಂಜೆ ಪಾಳಿಯದ್ದು.
ರೇವಣಪ್ಪನೆಂಬ ಗಂಡು ಹುಟ್ಟಿದ್ದು
ಸೈರನ್ ಇನ್ನೇನು ಆಗಬೇಕು ಅನ್ನುವಾಗ, ರಾತ್ರಿ ಪಾಳಿಯದ್ದು.
ದಾವಣಗೆರೆಯ ಒಂದು ತಲೆಮಾರಿನ ಲಗ್ನವನ್ನೆಲ್ಲ
ಆ ಕೊಳವೆಯೇ ಊದಿ ಬರೆಸಿದೆ.
ಊದುವವನು ಬೀಡಿ ಮುಗಿಸಿ ಎದ್ದನೋ, ಅರ್ಧಕ್ಕೇ ಎದ್ದನೋ,
ಹದಿಮೂರು ನಿಮಿಷಕ್ಕೆ
ನವಾಂಶದ ಲಗ್ನ ಮಗ್ಗುಲು ಬದಲಿಸುತ್ತದೆ.
ಗಿರಣಿಯೂ ನಿಂತಿತು. ಅವನನ್ನು ಹುಡುಕಿ ಕೇಳುವುದೆಲ್ಲಿ?

ಅದಕ್ಕೆ, ನಿಮಿಷ ನಂಬಿ ನಿಂತದ್ದನ್ನೆಲ್ಲ ಬದಿಗಿಟ್ಟೆ.
ನವಾಂಶ ಮಡಚಿದೆ. ಲಗ್ನದ ಏಳನೆಯದನ್ನು
ಪೆನ್ಸಿಲಿನಲ್ಲಿ ಮಾತ್ರ ಗುರುತು ಮಾಡಿದೆ.
ಚಂದ್ರ ಎರಡೂಕಾಲು ದಿನ ಒಂದೇ ಮನೆಯಲ್ಲಿರುವವನು,
ಅವನಿಂದ ಎಣಿಸಿದೆ.
ಶುಕ್ರ ಹೆಚ್ಚುಕಡಿಮೆ ತಿಂಗಳು.
ಇವಳ ಶುಕ್ರ ಕನ್ಯೆಯಲ್ಲಿ ನೀಚ, ಅವನದು ಮೀನದಲ್ಲಿ ಉಚ್ಚ.
ಎದುರಾಬದುರಾ,
ಚೌಕಿಪೇಟೆಯಲ್ಲಿ ಸಾಲ ಕೊಡುವವನ ಅಂಗಡಿಗೆ ಎದುರು
ಸಾಲ ಕೇಳುವವಳ ಬಾಗಿಲು ಇದ್ದ ಹಾಗೆ.
ನೀಚ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.
ಆ ಮಾತಾಡುವ ಮುಂಚೆ
ಮನೆಯ ಯಜಮಾನ ಎಲ್ಲಿದ್ದಾನೆ ನೋಡಬೇಕು:
ಬುಧ ಅಲ್ಲೇ ಇದ್ದ, ಸ್ವಂತ ಮನೆ, ಬಾಗಿಲಲ್ಲೇ ನಿಂತು
ಅವಳ ತಲೆಯ ಮೇಲಿನ ಕೊಡ ಇಳಿಸಿಕೊಳ್ಳುತ್ತಿದ್ದ.

ಮತ್ತೆ ಮೊಬೈಲು ಯಾಕೆ ಫೇಲು ಮಾಡಿತು?
ಇಬ್ಬರದೂ ಮಧ್ಯನಾಡಿ. ಎಂಟಕ್ಕೆ ಸೊನ್ನೆ.
ನಾಡಿ ಅಂದರೆ ಹುಟ್ಟಲಿರುವ ಮಕ್ಕಳ ಮಾತು.
ಪರಿಚಯದೋರಿಗೆ ಇನ್ನು ಮಕ್ಕಳಾಗಬೇಕೇನ್ರಿ, ಎಂದೆ.
ಹಾಲಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು:
"ಅಯ್ಯ, ಮೊಮ್ಮಗಳು ಶಾಲಿಗೆ ಹೊಂಟಾಳ್ರಿ!"
ಮೊಬೈಲಿಗೆ ಎಲ್ಲರೂ
ಇಪ್ಪತ್ತೆರಡು ವರ್ಷದವರೇ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಬಿಸಿ ಉಸುಕಿನಲ್ಲಿ ಅಕ್ಕಿ ಅರಳುವ ಸದ್ದು,
ಜರಡಿ ಹಿಡಿಯುವ ಸದ್ದು.
ಆಮೇಲೆ ದನಿ ತಗ್ಗಿಸಿ:
"ಗೊರಕಿ ಭಾಳ ಹೊಡಿತಾರ್ರಿ. ಅದು ಯಾವ ಮನ್ಯಾಗ ಬರ್ತೈತಿ?"
ಹನ್ನೆರಡನೆಯದು, ಶಯನ.
ನಾನು ಉತ್ತರ ಕೊಟ್ಟ ಮೇಲೆ ಅವಳಿಗೆ ಹೊಳೆಯಿತು
ತಾನು ಏನು ಕೇಳಿದೆನೆಂದು.
"ಹರಿಹರದ ಬಸ್ಸಿನ್ಯಾಗ, ಒಂದಿನ..." ಎಂದು ಶುರುಮಾಡಿ
ಅಲ್ಲಿಗೇ ಬಿಟ್ಟಳು.
ನಾನು ಪಂಚಾಂಗದ ಹಾಳೆ ತಿರುವಿದೆ, ಬೇಕಿರದ ಹಾಳೆ.
ಪೆನ್ಸಿಲಿನ ಗುರುತು ಅಳಿಸಲೋ ಬಿಡಲೋ ತಿಳಿಯದೆ
ಬಿಟ್ಟೆ.

ನೂರರ ನೋಟು ಪಂಚಾಂಗದ ಕೆಳಗೆ ತುರುಕಿ
ಮೆಟ್ಟಿಲ ಹತ್ತಿರ ನಿಂತಳು, ಒಂದೇ ಚಪ್ಪಲಿ ಮೆಟ್ಟಿ.
"ಮನಿಗೆ ಹೋದ್ರ ಮಗ ಕೇಳ್ತಾನ್ರಿ, ಎಷ್ಟು ಬಂತು ಅಂತ."

ಹೇಳ್ರಿ, ಎಂದೆ,
ಎಣಿಸೋದು ಇನ್ನೂ ಬಾಕಿ ಐತಂತ.